ತಪ್ಪನ್ನು ತಾನೇ ತೋರಿಸುವ ದಿಮ್ಮಿ

ಮೂರು ವರ್ಷದ ಮಗುವಿಗೆ ಪಾಠ ಹೇಗಿರಬೇಕು ಎಂದು ಕೇಳಿದವರಿಗೆ ನಾನು ಮರಿಯಾ ಮಾಂಟೆಸ್ಸರಿಯವರ ಸಿಲಿಂಡರ್ ದಿಮ್ಮಿಯನ್ನು ತೋರಿಸುತ್ತೇನೆ. ಒಂದು ಮರದ ದಿಮ್ಮಿ, 10 ಕುಳಿ, ಅವಕ್ಕೆ ಕೂರುವ 10 ಸಿಲಿಂಡರು, ಅಷ್ಟೇ. ದಪ್ಪನೆಯದು ಕಿರಿದಾದ ಕುಳಿಗೆ ಇಳಿಯುವುದೇ ಇಲ್ಲ. ತೆಳ್ಳನೆಯದನ್ನು ಅಗಲದ ಕುಳಿಗೆ ಬಿಟ್ಟರೆ ಕೊನೆಗೆ ದಪ್ಪನೆಯದೊಂದು ಜಾಗವಿಲ್ಲದೆ ಕೈಯಲ್ಲೇ ಉಳಿಯುತ್ತದೆ. ಟೀಚರ್ ಗದರಬೇಕಿಲ್ಲ, ಮಗುವೇ ತೆಗೆದು ಮತ್ತೆ ಜೋಡಿಸುತ್ತದೆ. ಸಿಲಿಂಡರಿನ ತಲೆಯ ಮೇಲಿನ ಪುಟ್ಟ ಹಿಡಿಯನ್ನು ಮೂರು ಬೆರಳಲ್ಲಿ ಎತ್ತುವಾಗ, ಮುಂದೆ ಪೆನ್ಸಿಲ್ ಹಿಡಿಯಬೇಕಾದ ಬೆರಳುಗಳೂ ಪಳಗುತ್ತವೆ. ಎಲ್‌ಕೆಜಿಯಲ್ಲೇ ಅಕ್ಷರ ತಿದ್ದಿಸಲು ಅವಸರಪಡುವ ನಾವು ಇದನ್ನು ಗಮನಿಸಲೇಬೇಕು. ಒಂದೇ ಸರಿಯುತ್ತರದ ಆಟ ಕಲ್ಪನೆಗೆ ಕಡಿವಾಣವಲ್ಲವೇ ಎಂಬ ಆಕ್ಷೇಪ ಹಳೆಯದು, ಅದರಲ್ಲಿ ಹುರುಳೂ ಇದೆ. ಅದಕ್ಕೇ ಮಣ್ಣು, ಮರಳು, ಕಥೆ ಪಕ್ಕದಲ್ಲೇ ಇರಬೇಕು. ದಿಮ್ಮಿಯ ಕೆಲಸ ಬೇರೆ, ಗಾತ್ರದ ಅಂದಾಜನ್ನು ಕಣ್ಣಿಗೂ ಕೈಗೂ ಹತ್ತಿಸುವುದು. ಆ ಕೆಲಸವನ್ನು ಅದು ಮಗುವಿನ ಮುಖ ಬಾಡಿಸದೆ ಮಾಡುತ್ತದೆ.