ಕಟ್ಟೆ ರೋಗಕ್ಕೆ ಗಣಕದ ಮದ್ದೇ?

ಸಕಲೇಶಪುರ-ಆಲೂರು ಬೆಟ್ಟಗಳ ಏಲಕ್ಕಿ ಬೆಳೆಗಾರರಿಗೆ ‘ಕಟ್ಟೆ’ ರೋಗವನ್ನು ವಿವರಿಸಬೇಕಿಲ್ಲ: ಎಲೆಯಲ್ಲಿ ತಿಳಿಹಸಿರು ಗೆರೆ, ಸೊರಗುವ ಬುಡ, ಕುಸಿಯುವ ಇಳುವರಿ. ಸಸ್ಯವೈರಸ್ಸೊಂದರ ರಚನೆ ಅರಿಯುವುದು ಹಿಂದೆ ದೀರ್ಘ ಕೆಲಸ; ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1995ರಲ್ಲಿ ಸೆಸ್ಬೇನಿಯಾ ಮೊಸಾಯಿಕ್ ವೈರಸ್ಸಿನ ರಚನೆ ಬಿಡಿಸಿದ್ದು ಹರಳು ಬೆಳೆಸಿ, ಎಕ್ಸ್ ಕಿರಣ ಹಾಯಿಸಿ. 2021ರಲ್ಲಿ ಎಲ್ಲರ ಕೈಗೆ ಬಂದ ಆಲ್ಫಾಫೋಲ್ಡ್ 2 ಅಮೈನೋ ಆಮ್ಲಗಳ ಸರಣಿಯಿಂದಲೇ ಪ್ರೋಟೀನಿನ ಆಕಾರ ಊಹಿಸುತ್ತದೆ. ಸಂತೋಷ. ಆದರೆ ಕಟ್ಟೆ ವೈರಸ್ಸಿನ ಪ್ರೋಟೀನಿಗೆ ಗಣಕದ ಪರದೆಯಲ್ಲಿ ಒಂದು ಅಣು ಹೊಂದಿಕೊಂಡೊಡನೆ ಮದ್ದು ಸಿಕ್ಕಿತೆನ್ನುವುದು ಅವಸರ. ಆ ಅಣು ಗಿಡದೊಳಗೆ ಹರಿಯಬೇಕು, ಕಾಯಿಯಲ್ಲಿ ಉಳಿಯಬಾರದು, ಬೆಲೆಯೂ ಎಟುಕಬೇಕು. ಗಿಡಹೇನಂತೂ ರಸ ಹೀರುವ ನಿಮಿಷಗಳಲ್ಲೇ ರೋಗ ದಾಟಿಸುತ್ತದೆ. ಆಕಾರದ ಅರಿವು ರೋಗಪತ್ತೆಯ ಪ್ರತಿಕಾಯ ರೂಪಿಸಲು ನೆರವಾಗಬಹುದು. ತೋಟದಲ್ಲಿ ಇಂದಿಗೂ ನಡೆಯುವುದು ಸೋಂಕಿದ ಬುಡ ಕಿತ್ತು ನಾಶಮಾಡಿ, ಬೀಜದಿಂದ ಎಬ್ಬಿಸಿದ ಸಸಿ ನೆಡುವ ಹಳೆಯ ಕ್ರಮವೇ.