1541ರ ಮೇಲಿನ ಅಪವಾದ

ಡಿಸ್ಕ್ ಡ್ರೈವಿನ ಹೆಡ್ ಅಲೈನ್‌ಮೆಂಟ್ ಸರಿಪಡಿಸುವ ಬಗೆಯನ್ನು ಈ ವಾರ ಬರೆಯುತ್ತೇನೆ ಎಂದಿದ್ದೆ. ಅದು ಮುಂದಿನ ವಾರಕ್ಕಿರಲಿ. ಆಪಲ್ ಪಂಗಡದವರು ಮತ್ತೆ ಹಳೆಯ ರಾಗ ಎತ್ತಿದ್ದಾರೆ: ವೋಜ್ನಿಯಾಕ್ ಅವರ ಡಿಸ್ಕ್-2ರ ಮುಂದೆ ಕಮೊಡೋರ್ 1541 ಬರೀ ಆಮೆ, ಕಂಪನಿಯ ಜಿಪುಣತನವೇ ಇದಕ್ಕೆ ಕಾರಣ ಎಂದು. ಆಮೆ ಎಂಬುದು ನಿಜ. ಸೆಕೆಂಡಿಗೆ ಸುಮಾರು 400 ಬೈಟ್ ಎಂದರೆ ದೊಡ್ಡ ಆಟವೊಂದು ಲೋಡ್ ಆಗಲು ಎರಡು ನಿಮಿಷ. ಕಾರಣ ಮಾತ್ರ ಅಷ್ಟು ಸರಳವಲ್ಲ.

ಕಮೊಡೋರ್‌ನ ಪೆಟ್ ಕಂಪ್ಯೂಟರಿನ ಐಇಇಇ-488 ಕೇಬಲ್ ದುಬಾರಿ ಎಂದು ಅದೇ ಕಂಪನಿಯ ವಿಕ್-20 ಕಂಪ್ಯೂಟರಿಗೆ ಸೀರಿಯಲ್ ಬಸ್ ಬಂತು. ಜಿಪುಣತನ ಇದ್ದದ್ದು ಅಲ್ಲಿ. ಬಿಟ್‌ಗಳನ್ನು ಸಾಗಿಸಬೇಕಿದ್ದದ್ದು 6522 ಚಿಪ್‌ನ ಶಿಫ್ಟ್ ರಿಜಿಸ್ಟರ್. ಆದರೆ ಹೊರಗಿನ ಕ್ಲಾಕ್ ಸಂಕೇತವು ಚಿಪ್‌ನ ಸ್ವಂತ ಕ್ಲಾಕ್ ಬದಲಾಗುವ ಗಳಿಗೆಗೇ ಬಂದರೆ ಅದು ಬಿಟ್ ನುಂಗಿಬಿಡುತ್ತಿತ್ತು. ಆದ್ದರಿಂದ ಎಂಜಿನಿಯರ್ ರಾಬರ್ಟ್ ರಸೆಲ್ ಆ ಕೆಲಸವನ್ನು ಸಾಫ್ಟ್‌ವೇರಿಗೆ ವಹಿಸಿದರು. ಒಂದೊಂದು ಬಿಟ್‌ಗೂ ಪ್ರೊಸೆಸರೇ ದುಡಿಯಬೇಕಾಯಿತು.

1982ರ ಕಮೊಡೋರ್ 64ರಲ್ಲಿ 6526 ಚಿಪ್ ಇತ್ತು. ಅದರ ಶಿಫ್ಟ್ ರಿಜಿಸ್ಟರಿನಿಂದ ಎಷ್ಟು ವೇಗ ಸಾಧ್ಯವೆಂದು ಕಮೊಡೋರ್ 128 ಮತ್ತು 1571 ಡ್ರೈವ್ 1985ರಲ್ಲಿ ತೋರಿಸಿದವು. ಆದರೆ 64 ತನ್ನ ಅಣ್ಣ ವಿಕ್-20ರ ಸಲಕರಣೆಗಳೊಂದಿಗೆ ಹೊಂದಿಕೊಳ್ಳಲು ಹಳೆಯ ದಾರಿಯನ್ನೇ ಹಿಡಿಯಿತು. ಸಾಲದ್ದಕ್ಕೆ ಅದರ ವಿಡಿಯೊ ಚಿಪ್ ಪಠ್ಯದ ಪರದೆಯಲ್ಲಿ ಪ್ರತಿ ಎಂಟನೇ ಗೆರೆಗೆ ಸುಮಾರು 40 ಸೈಕಲ್ ಪ್ರೊಸೆಸರನ್ನು ತಡೆಯುತ್ತದೆ. ಆ ತಡೆಯಲ್ಲಿ ಬಿಟ್ ತಪ್ಪದಿರಲೆಂದು 64ರ ಡ್ರೈವಾದ 1541 ಇನ್ನೂ ನಿಧಾನವಾಯಿತು. ಸಾಕ್ಷಿ ಡ್ರೈವಿನ ರೋಮ್‌ನಲ್ಲೇ ಇದೆ: ಪರದೆ ಆರಿಸಿ ‘ಯುಐ ಮೈನಸ್’ ಆಜ್ಞೆ ಕೊಡಿ, ಅದು ವಿಕ್-20ರ ವೇಗಕ್ಕೆ ಮರಳುತ್ತದೆ.

ಆ ರೋಮ್ ಓದಲು ಕಲಿಯಬೇಕೆನ್ನುವವರು ಇಮ್ಮರ್ಸ್ ಮತ್ತು ನ್ಯೂಫೆಲ್ಡ್ ಅವರ ‘ಇನ್‌ಸೈಡ್ ಕಮೊಡೋರ್ ಡಾಸ್’ (1984) ಹಿಡಿಯಲಿ. ಅದನ್ನು ತೆರೆದ ಮೇಲೆ ಅಲೈನ್‌ಮೆಂಟಾಗಲಿ ಆಪಲ್ ಆಗಲಿ ನನಗೆ ನೆನಪಾಗುವುದಿಲ್ಲ. 1541ರೊಳಗೆ ಸ್ವಂತ 6502 ಪ್ರೊಸೆಸರ್, 2 ಕೆಬಿ ರಾಮ್, 16 ಕೆಬಿ ರೋಮ್ ಇವೆ. ಅದು ತಾನೇ ಒಂದು ಕಂಪ್ಯೂಟರ್. ಡಿಸ್ಕ್-2ರಲ್ಲಿ ಪ್ರೊಸೆಸರೇ ಇಲ್ಲ, ಎಲ್ಲವನ್ನೂ ಆಪಲ್ ಕಂಪ್ಯೂಟರೇ ಮಾಡಬೇಕು. 1541ರ ಈ ಬುದ್ಧಿವಂತಿಕೆಯನ್ನೇ ಫಾಸ್ಟ್‌ಲೋಡರ್ ಬರೆದವರು ಬಳಸಿಕೊಂಡರು. ತಮ್ಮ ಕೋಡನ್ನು ಡ್ರೈವಿನ ರಾಮ್‌ಗೆ ಕಳಿಸಿ ಅಲ್ಲೇ ಓಡಿಸಿದರು. ಹಲವರು ಕ್ಲಾಕ್ ತಂತಿಯಲ್ಲೂ ದತ್ತಾಂಶ ತುಂಬಿ ಎರಡೆರಡು ಬಿಟ್ ಒಟ್ಟಿಗೆ ಸಾಗಿಸಿದರು. ಎಪಿಕ್ಸ್ ಫಾಸ್ಟ್ ಲೋಡ್ ಕಾರ್ಟ್ರಿಜ್ ಹಾಕಿದರೆ ವೇಗ ಸುಮಾರು ಐದು ಪಟ್ಟು. ಚಿಪ್ ಅದೇ, ಕೇಬಲ್ ಅದೇ, ಡ್ರೈವೂ ಅದೇ. ಹೊರಗಿನ ಪ್ರೋಗ್ರಾಮರುಗಳು ತಮ್ಮ ಕೋಡಿನಿಂದಲೇ ಗೆಲ್ಲಬಹುದಾದಷ್ಟು ಸಾಮರ್ಥ್ಯವನ್ನು ಒಳಗಿಟ್ಟು ಮಾರಿದ ಡ್ರೈವನ್ನು ಕಳಪೆ ಎನ್ನಲು ನಾನು ಒಪ್ಪುವುದಿಲ್ಲ.