ಹೆಬ್ಬೆರಳಿಗೊಂದು ಜಾಗ

ಮೌಸ್‌ನ ಬಾಣದ ಮೊನೆ ಒಂದೇ ಒಂದು ಪಿಕ್ಸೆಲ್. ಹೆಬ್ಬೆರಳು ಹಾಗಲ್ಲ, ಒತ್ತಬೇಕಾದ ಗುಂಡಿಯನ್ನೇ ಅದು ಮುಚ್ಚಿಬಿಡುತ್ತದೆ. ಕಂಪ್ಯೂಟರ್ ತೆರೆಯ ವಿನ್ಯಾಸಕ್ಕೂ ಮೊಬೈಲ್ ತೆರೆಯ ವಿನ್ಯಾಸಕ್ಕೂ ಇರುವ ಅಂತರ ಹೆಚ್ಚುಕಡಿಮೆ ಇಲ್ಲಿಂದಲೇ ಶುರು.

2007ರ ಮೊದಲ ಐಫೋನಿನ ತೆರೆ ಬರೀ 3.5 ಇಂಚು. ಅಷ್ಟರಲ್ಲೇ ಇಂಗ್ಲಿಷಿನ 26 ಅಕ್ಷರಗಳ ಕೀಲಿಮಣೆ ಕೂರಬೇಕಿತ್ತು. ಅದನ್ನು ರೂಪಿಸಿದ ಕೆನ್ ಕೊಸಿಯೆಂಡಾ ಹಿಡಿದ ದಾರಿ ಸೊಗಸಾದದ್ದು. ಬೆರಳು ತಪ್ಪುವುದು ಸಹಜವೆಂದು ಒಪ್ಪಿಕೊಂಡು, ಬರೆಯಹೊರಟ ಪದವನ್ನು ನಿಘಂಟಿನ ನೆರವಿನಿಂದ ಊಹಿಸುವ ಹೊಣೆಯನ್ನು ತಂತ್ರಾಂಶಕ್ಕೇ ಒಪ್ಪಿಸಿದರು. ಒತ್ತಿದ ಅಕ್ಷರ ಬೆರಳಿನ ಮೇಲ್ಗಡೆ ದೊಡ್ಡದಾಗಿ ಪುಟಿದು ಕಾಣುತ್ತಿದ್ದುದೂ ಮರೆಯಾದದ್ದನ್ನು ತೋರಿಸಲೆಂದೇ. ಬಳಸುವವರ ಮೇಲೆ ಇಷ್ಟು ಅಕ್ಕರೆಯಿಟ್ಟ ಕೆಲಸ ಅಪರೂಪ.

ಅದೇ ಐಫೋನಿನಲ್ಲಿ, ಬೆರಳಿನಿಂದ ಸರಿಸುವ ಪಟ್ಟಿ ಮುಗಿದಾಗ ತೆರೆ ರಬ್ಬರಿನಂತೆ ಜಗ್ಗಿ ಹಿಂದಕ್ಕೆ ಬರುವುದು ವಿನ್ಯಾಸಕಾರ ಬಾಸ್ ಆರ್ಡಿಂಗ್ ಅವರ ಕೊಡುಗೆ. ಫೋನು ಕೆಟ್ಟಿಲ್ಲ, ಪಟ್ಟಿ ಮುಗಿದಿದೆ ಎಂಬುದು ಮಾತಿಲ್ಲದೆ ತಿಳಿಯುತ್ತದೆ.

ಮ್ಯಾಕ್ ಕಂಪ್ಯೂಟರಿನಲ್ಲಿ ಮೆನು ತೆರೆಯ ಮೇಲಂಚಿಗೆ ಅಂಟಿಕೊಂಡಿದೆ. ಮೌಸನ್ನು ಎಷ್ಟೇ ಜೋರಾಗಿ ತಳ್ಳಿದರೂ ಬಾಣ ಅಂಚು ದಾಟದು, ಹಾಗಾಗಿ ಗುರಿ ಸುಲಭ. ಫೋನನ್ನು ಒಂದೇ ಕೈಯಲ್ಲಿ ಹಿಡಿದವರಿಗೆ ಅದೇ ಮೇಲಂಚು ಎಟುಕದ ಅಟ್ಟ!

ಕನ್ನಡದ ಕೀಲಿಮಣೆಗೆ ಜಾಗದ ಇಕ್ಕಟ್ಟು ಇನ್ನೂ ಹೆಚ್ಚು: ಸ್ವರ, ವ್ಯಂಜನ, ಗುಣಿತ, ಒತ್ತಕ್ಷರ. ಕೆಲವು ಟಚ್ ಕೀಲಿಮಣೆಗಳಲ್ಲಿ 'ಕ' ಒತ್ತಿದೊಡನೆ ಸ್ವರಗಳ ಸಾಲೇ ಕಾ, ಕಿ, ಕು ಎಂದು ಬದಲಾಗುತ್ತದೆ. ಅಚ್ಚುಹಾಕಿದ ಕೀಲಿಗಳಿಗೆ ಇದು ಸಾಧ್ಯವೇ ಇರಲಿಲ್ಲ.